ಸಾಹೇಬರ ಡಾನ್ಸ್ ಹಾಲ್ ಕ್ಯಾಸೆಟ್ಟು

ಸೌದಿಯ ಜುಬೈಲಿನ ಕ್ಯಾಂಪಿನಲ್ಲಿ ನನ್ನನ್ನು ಕ್ಯಾಸೆಟ್ಟಿನವನು ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕ. ಊರಿಗೆ ಫೋನ್ ಸಿಗುವುದೇ ದುರ್ಲಭ, ಕಾಗದ ಬರೆದರೆ ಅನೇಕರ ಮನೆಯಲ್ಲಿ ಓದುವವರಿಲ್ಲ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಟೇಪ್ ರೆಕಾರ್ಡರ್ ನನ್ನದು. ರೆಕಾರ್ಡ್ ಮಾಡುವಾಗ ಎಸಿ ಆರಿಸುತ್ತಿದ್ದೆ, ಮಾತಾಡುವವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೋಣೆಯಿಂದ ಹೊರಗೆ ಅಟ್ಟುತ್ತಿದ್ದೆ, ಬಾಗಿಲಾಚೆ ಯಾರಾದರೂ ಕೆಮ್ಮಿದರೂ ಅಷ್ಟನ್ನು ಅಳಿಸಿ ಮತ್ತೆ ಹೇಳಿಸುತ್ತಿದ್ದೆ. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುತ್ತೇವೆ ಎಂದು ಊರಿನವರಿಗೆ ಯಾಕೆ ಗೊತ್ತಾಗಬೇಕು? ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು.

ಕಂಪೆನಿಯ ಸ್ಟೋರಿನಲ್ಲಿ ನಾನು ಕ್ಲಾರ್ಕು. ನನ್ನ ಮೇಲಿದ್ದವರು ಟೆಕ್ಸಾಸಿನ ಅಮೆರಿಕನ್ ಸಾಹೇಬರು, ಐವತ್ತು ದಾಟಿದವರು, ಮಾತು ಕಡಿಮೆ. ಒಂದು ಬುಧವಾರ ಅವರು ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಅವರ ತಂದೆ ಹಳ್ಳಿಯ ಡಾನ್ಸ್ ಹಾಲಿನಲ್ಲಿ ಶನಿವಾರ ಶನಿವಾರ ಪಿಟೀಲು ಬಾರಿಸುತ್ತಿದ್ದರಂತೆ. ಐದು ಜನರ ಬ್ಯಾಂಡು. ದನ ಸಾಕುವವರು, ಹತ್ತಿ ಬೆಳೆಯುವವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಕುಣಿಯುತ್ತಿದ್ದರಂತೆ. ಆ ಬ್ಯಾಂಡಿನ ಒಂದು ಗ್ರಾಮಫೋನ್ ಪ್ಲೇಟೂ ಬರಲಿಲ್ಲ. ಸಾಹೇಬರ ತಾಯಿ ವೇದಿಕೆಯ ಪಕ್ಕ ಕುರ್ಚಿಯ ಮೇಲೆ ಮಷಿನ್ ಇಟ್ಟುಕೊಂಡು ತಾವೇ ರೆಕಾರ್ಡ್ ಮಾಡಿದ್ದು ಇದು. ತಂದೆ ತಾಯಿ ಇಬ್ಬರೂ ಈಗಿಲ್ಲ, ಉಳಿದದ್ದು ಇದೊಂದೇ. ಟೇಪು ಸವೆಯುತ್ತಿದೆ, ಇನ್ನೊಂದು ಕಾಪಿ ಮಾಡಿಸಿಕೊಡು ಎಂದರು.

ಪೇಟೆಯಲ್ಲಿ ಭಟ್ಕಳದ ಹಿರಿಯರೊಬ್ಬರ ಕ್ಯಾಸೆಟ್ ಅಂಗಡಿ ಇತ್ತು. ನಾನವರನ್ನು ಭಾಯಿ ಎನ್ನುತ್ತಿದ್ದೆ. ಅವರ ಎರಡು ಮಷಿನ್‌ಗಳ ಮುಂದೆ ನನ್ನನ್ನೇ ಕೂರಿಸಿದರು. ಕೇಳಿದರೆ, ಹಾಡಿಗಿಂತ ಗಲಾಟೆಯೇ ಜಾಸ್ತಿ! ಮರದ ನೆಲದ ಮೇಲೆ ಬೂಟುಗಳ ಧಡಧಡ, ಕೇಕೆ, ಮಕ್ಕಳ ಅಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಮಷಿನ್ನಿನ ಹತ್ತಿರವೇ ಹೆಂಗಸೊಬ್ಬಳು ಯಾರನ್ನೋ ಕರೆಯುತ್ತಾಳೆ, ನಗುತ್ತಾಳೆ. ಮಷಿನ್ ಪಕ್ಕ ಕೂತವರು ಯಾರೆಂದು ಸಾಹೇಬರು ಬಾಯಿ ಬಿಟ್ಟು ಹೇಳಿದ್ದರು. ನನ್ನ ಮಂಡೆಗೆ ಹೋಗಲೇ ಇಲ್ಲ. ಛೆ, ಎಷ್ಟು ಹಾಳು ಮಾಡಿಟ್ಟಿದ್ದಾರೆ, ನಾನು ಸರಿ ಮಾಡಿಕೊಡುತ್ತೇನೆ ಎಂದುಕೊಂಡೆ.

ಅವಳು ಬಾಯಿ ತೆರೆದಲ್ಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿದೆ. ಕೇಕೆ ಹೆಚ್ಚಿದ್ದ ಹಾಡುಗಳನ್ನು ಇಡಿಯಾಗಿ ಬಿಟ್ಟೆ. ಸಾಹೇಬರನ್ನು ಒಂದು ಮಾತು ಕೇಳಿಬಿಡು ಎಂದು ಭಾಯಿ ಎರಡು ಸಲ ಹೇಳಿದರು. ನಾನು ಕೇಳಲಿಲ್ಲ. ಒಂದೂವರೆ ಗಂಟೆಯ ಕ್ಯಾಸೆಟ್ಟು ಐವತ್ತು ನಿಮಿಷಕ್ಕೆ ಇಳಿಯಿತು. ಹೊಸ ಕ್ಯಾಸೆಟ್ಟು, ಶುದ್ಧ ಪಿಟೀಲು.

ಇಲ್ಲಿಗೇ ನಿಲ್ಲಿಸಿದ್ದರೆ ತಪ್ಪು ತಿದ್ದಿಕೊಳ್ಳಬಹುದಿತ್ತು. ಮರುದಿನ ನಮ್ಮೂರ ಕಡೆಯವನೊಬ್ಬ ರಜೆಗೆ ಹೊರಟಿದ್ದ. ನನ್ನ ಉಮ್ಮ ನಾಲ್ಕು ತಿಂಗಳಿಂದ ಮಗನ ಸ್ವರ ಕೇಳಿರಲಿಲ್ಲ. ನನ್ನ ಹತ್ತಿರ ಖಾಲಿ ಕ್ಯಾಸೆಟ್ಟು ಇರಲಿಲ್ಲ, ಮತ್ತೆ ಪೇಟೆಗೆ ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ. ಹೇಗೂ ಹೊಸದು ತಯಾರಾಗಿದೆಯಲ್ಲ, ಈ ಹಾಳಾದದ್ದು ಇನ್ನು ಯಾರಿಗೆ ಬೇಕು? ಯಾರೂ ಅಳಿಸಬಾರದೆಂದು ಸಾಹೇಬರು ಅದರ ಅಂಚಿನ ಕಿವಿ ಮುರಿದಿಟ್ಟಿದ್ದರು. ಮತ್ತೆ ರೆಕಾರ್ಡ್ ಆಗಲೆಂದು ಆ ತೂತಿಗೆ ನಾನು ಗಮ್ ಟೇಪ್ ಅಂಟಿಸಿದೆ. ಒಂದು ಬದಿಯ ತುಂಬ ನನ್ನ ಕ್ಷೇಮಸಮಾಚಾರ ಮಾತಾಡಿ ಕಳಿಸಿಬಿಟ್ಟೆ. ಆ ಗಮ್ ಟೇಪ್ ಕತ್ತರಿಸಿದ್ದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಶನಿವಾರ ಸಾಹೇಬರು ಆಫೀಸಿನಲ್ಲಿ ಹೊಸ ಕ್ಯಾಸೆಟ್ಟು ಹಾಕಿ ಕೂತರು. ಹೊಗಳಿಕೆಗಾಗಿ ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲ ಹಾಡು ಮುಗಿಯಿತು, ಎರಡನೆಯದು ಶುರುವಾಯಿತು. ಅವರು ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದರು.

"ಇದರಲ್ಲಿ ನನ್ನ ಅಮ್ಮ ಎಲ್ಲಿ?" ಎಂದರು.

ಹಳೆಯದನ್ನು ಕೊಡು ಎಂದು ಕೈ ಚಾಚಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಬೈದು ಬಿಡುತ್ತಿದ್ದರೋ, ಊರಿಗೆ ಕಳಿಸುತ್ತಿದ್ದರೋ ಗೊತ್ತಿಲ್ಲ. ನನ್ನ ನಾಲಗೆಗೆ ಬೆಂಕಿ ಬೀಳ, ಅಂಗಡಿಯವನು ಹಾಳು ಮಾಡಿದ ಸರ್, ಎಸೆದುಬಿಟ್ಟನಂತೆ ಎಂದೆ.

ಅವರು ಆಗಲೇ ಜೀಪು ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು. ಅಂಗಡಿಯಲ್ಲಿ ಗಿರಾಕಿಗಳೆದುರು ಭಾಯಿಗೆ ಬೈದ ಬೈಗುಳ ಒಂದೆರಡಲ್ಲ. ಪೇಟೆಯಲ್ಲಿ ಯಾರೂ ಭಾಯಿಗೆ ಎದುರು ಮಾತಾಡುತ್ತಿರಲಿಲ್ಲ, ಅಂಥವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಸಾಹೇಬರು ಹೊರಗೆ ಹೋದ ಮೇಲೆ ಮೆಲ್ಲನೆ ಹೇಳಿದರು:

"ನಾನು ಬಾಯಿ ಬಿಟ್ಟರೆ ನಿನ್ನ ಕೆಲಸ ಹೋಗ್ತದೆ, ಅದಕ್ಕೆ ಸುಮ್ಮನಾದೆ. ಇನ್ನು ನನ್ನ ಅಂಗಡಿಗೆ ಬರಬೇಡ ಮಾರಾಯ."

ಆರು ತಿಂಗಳ ನಂತರ ರಜೆಯಲ್ಲಿ ಮನೆಗೆ ಹೋದೆ. ಉಮ್ಮ ಆ ಕ್ಯಾಸೆಟ್ಟನ್ನು ದಿನಾ ಹಾಕುತ್ತಿದ್ದರಂತೆ. ನನ್ನ ಮಾತು ಮುಗಿದ ಮೇಲೆ ತಿರುಗಿಸಿ ಇನ್ನೊಂದು ಬದಿಯನ್ನೂ ಕೇಳುತ್ತಿದ್ದರಂತೆ. ನಿನ್ನೊಟ್ಟಿಗೆ ಇರುವವರಾ ಇವರು, ಆ ಹೆಂಗಸು ಎಷ್ಟು ಚಂದ ನಗ್ತಾಳೆ ಎಂದರು. ಇನ್ನೊಂದು ಬದಿಯನ್ನು ನಾನು ಮುಟ್ಟಿಯೇ ಇರಲಿಲ್ಲ. ಮುಕ್ಕಾಲು ಗಂಟೆಯ ಹಾಡು, ಬೂಟಿನ ಸದ್ದು, ಸಾಹೇಬರ ತಾಯಿಯ ನಗು, ಎಲ್ಲ ಹಾಗೇ ಇತ್ತು. ನನಗೆ ಅಳು ಬಂತು. ಉಮ್ಮನನ್ನು ಕೇಳಿ ಇಸಕೊಂಡು ಜುಬೈಲಿಗೆ ತಂದೆ.

ಕೊಡಬೇಕೆಂದೇ ತಂದೆ, ದೇವರಾಣೆ. ಆದರೆ ಕೊಟ್ಟರೆ ಎಲ್ಲಿತ್ತು ಎಂದು ಕೇಳುತ್ತಾರೆ. ಮೊದಲ ಬದಿ ಹಾಕಿದರೆ ನನ್ನದೇ ಸ್ವರ. ನಾಳೆ ಕೊಡೋಣ, ಬರುವ ವಾರ ಕೊಡೋಣ ಎಂದು ಮೇಜಿನ ಡ್ರಾಯರಿನಲ್ಲಿ ಗೇಟ್ ಪಾಸುಗಳ ಕೆಳಗಿಟ್ಟೆ. ಮೂರು ತಿಂಗಳು ಹಾಗೇ ಕಳೆಯಿತು.

ಸಾಹೇಬರ ಕಾಂಟ್ರಾಕ್ಟು ಮುಗಿಯಿತು. ಕೊನೆಯ ದಿನ ನನ್ನ ಮೇಜಿನ ಹತ್ತಿರ ಬಂದರು. ಅಂಗಡಿಯವನ ತಪ್ಪಿಗೆ ಇಷ್ಟು ದಿನ ನಿನ್ನ ಹತ್ತಿರ ಮುಖ ಗಂಟಿಕ್ಕಿದೆ, ಬೇಜಾರು ಮಾಡಿಕೊಳ್ಳಬೇಡ ಎಂದರು. ನನ್ನ ಹತ್ತಿರ, ಅವರು, ಕ್ಷಮೆ ಕೇಳಿದರು. ನಾನು ಮಾಡಿಕೊಟ್ಟ ಆ ಶುದ್ಧವಾದ ಕ್ಯಾಸೆಟ್ಟನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದರು.

"ನೀನೇ ಇಟ್ಟುಕೋ. ಇದರಲ್ಲಿ ನಮ್ಮವರು ಯಾರೂ ಇಲ್ಲ."

ನನ್ನ ಮೊಣಕಾಲು ಆ ಡ್ರಾಯರಿಗೆ ತಾಗಿಕೊಂಡಿತ್ತು. ಎದ್ದು ನಿಂತೆ, ಎರಡೂ ಕೈ ಚಾಚಿ ಇಸಕೊಂಡೆ, ಥ್ಯಾಂಕ್ಯೂ ಸರ್ ಎಂದೆ.