ಮುಮ್ತಾಜ್ ಆಪಾ ಕೊಂಡ ಮಡಚುವ ಸೈಕಲ್

ಆ ಶನಿವಾರವೂ ಮುಮ್ತಾಜ್ ಆಪಾ ಅಳತೆ ಟೇಪನ್ನು ಕತ್ತಿನಲ್ಲಿ ಹಾಕಿಕೊಂಡೇ ಊಟಕ್ಕೆ ಕುಳಿತರು. ಕಡೂರಿನ ನಮ್ಮ ಬೀದಿಯಲ್ಲಿದ್ದ ಅವರ ಹೊಲಿಗೆ ಅಂಗಡಿಗೆ ನಾನು ಹುಕ್ಕು, ಕಾಜಾ ಕೆಲಸಕ್ಕೆ ಸೇರಿದಂದಿನಿಂದ ನಮಾಜಿನ ಹೊತ್ತು ಬಿಟ್ಟರೆ ಆ ಹಳದಿ ಟೇಪು ಅವರ ಕತ್ತಿನಿಂದ ಇಳಿದದ್ದನ್ನು ನೋಡಿಲ್ಲ. ಮೊಸರನ್ನಕ್ಕೆ ತಮ್ಮ ಉಪ್ಪಿನಕಾಯಿ ಸಾಲದೆ ನನ್ನ ಡಬ್ಬಿಗೆ ಕೈ ಹಾಕಿದರು.

“ನಾಳೆ ರೈಲು ಬೇಡ ಕಣೇ ಸರೋಜಾ” ಅಂದರು. “ಇಲ್ಲಿಂದ್ಲೇ, ಈ ಮೆಟ್ಲು ಮುಂದಿಂದ್ಲೇ ಸೈಕಲ್ ಹತ್ತಿ ಬೀದಿ ತುದಿ ತಂಕ ಹೊಡ್ಕೊಂಡು ಹೋಗ್ಬಿಡ್ತೀನಿ.”

“ಹೋದ ಶನಿವಾರಾನೂ ಹಿಂಗೇ ಅಂದಿದ್ರಿ.”

“ಹೋದ ಶನಿವಾರದ್ದು ಬೇರೆ, ಇದು ಬೇರೆ.”

“ಅದರ ಹಿಂದಿನ ಶನಿವಾರ?”

“ಸುಮ್ನೆ ಉಣ್ಣೇ ತಾಯಿ.”

ಮಧ್ಯಾಹ್ನ ಮದುವೆ ಮನೆಯವರ ಬ್ಲೌಸುಗಳನ್ನು ಮುಗಿಸಿದೆವು. ಸಂಜೆ ಷಟರ್ ಎಳೆದು, ಬೆಳಿಗ್ಗೆ ಬೇಗ ಬಾ ಅಂದರು. ನಾನು ಹೋಗುವ ಮೊದಲೇ ಅವರ ಮಗ ಇಮ್ರಾನ್ ನಮ್ಮ ಬಾಗಿಲಿಗೆ ಬಂದ. ನಿದ್ದೆಯಲ್ಲಿದ್ದ ಆಪಾ ಏಳಲೇ ಇಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಅವರಿಗೆ ಅರವತ್ತು ಇನ್ನೂ ತುಂಬಿರಲಿಲ್ಲ.

ಆಪಾ ಎತ್ತರದ ಹೆಂಗಸು. ಮಷೀನಿನ ಮುಂದೆ ಬಾಗಿ ಬಾಗಿ ಬೆನ್ನು ಸ್ವಲ್ಪ ಗೂನಾಗಿತ್ತು. ಯಾವುದನ್ನಾದರೂ ಮೊದಲು ಅಳೆಯುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ನಮ್ಮ ಮನೆಗೆ ಬೀರು ತಂದಾಗ, ಅದು ಆಟೋದಿಂದ ಇಳಿಯುವ ಮೊದಲೇ ಬಂದು ಬಾಗಿಲು ಅಳೆದು, “ಇದು ಒಳಗೋಗಲ್ಲ, ವಾಪಸ್ ಕಳ್ಸು” ಅಂದಿದ್ದರು. ನಾವು ಕೇಳಲಿಲ್ಲ. ಬೀರು ಎರಡು ರಾತ್ರಿ ಜಗಲಿಯ ಮೇಲಿತ್ತು, ಕೊನೆಗೆ ಬಾಗಿಲಿನ ಚೌಕಟ್ಟು ಬಿಚ್ಚಿಸಬೇಕಾಯಿತು. ಅಳತೆ ಕೊಡಲು ಬಂದ ಹೆಂಗಸರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಟೇಪು ಹಿಡಿದೇ ಬೇರೇನೋ ಮಾತು ತೆಗೆಯುತ್ತಿದ್ದರು. ಅವರು ನಕ್ಕು ಉಸಿರು ಬಿಟ್ಟಾಗ ಅಳತೆ ತೆಗೆಯುತ್ತಿದ್ದರು. “ಟೇಪು ಸುಳ್ಳು ಹೇಳಲ್ಲ ಕಣೇ, ಅಳತೆ ಕೊಡೋರು ಹೇಳ್ತಾರೆ” ಅನ್ನುತ್ತಿದ್ದರು.

ಮಂಡಿ ನೋವಿಗೆ ಡಾಕ್ಟರು ನಡಿಗೆ ಕಡಿಮೆ ಮಾಡಿ, ಸೈಕಲ್ ಹೊಡೆದರೆ ಒಳ್ಳೆಯದು ಅಂದಿದ್ದರು. ಬೀದಿಯವರಿಗೆಲ್ಲ ಆಪಾ ಹೇಳಿದ್ದು ಇಷ್ಟು. ನನಗೆ ಹೇಳಿದ್ದು ಬೇರೆ. ಹದಿಮೂರು ವರ್ಷದವರೆಗೆ ಅವರು ಅಣ್ಣನ ಸೈಕಲ್ಲಿನ ಬಾರಿನ ಕೆಳಗಿಂದ ಕಾಲು ತೂರಿಸಿ ಇದೇ ಬೀದಿಯಲ್ಲಿ ಹೊಡೆಯುತ್ತಿದ್ದರಂತೆ. ಒಂದು ದಿನ ದೊಡ್ಡಪ್ಪ ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಬಯ್ಯಲಿಲ್ಲ. ಸಾಕಮ್ಮಾ, ದೊಡ್ಡೋಳಾದೆ ಅಂದರು, ಅಷ್ಟೆ. ನಮ್ಮ ಮನೆಯಲ್ಲಿ ನಿಲ್ಲಿಸುವ ಪ್ರಮೇಯ ಬರಲಿಲ್ಲ, ನನ್ನನ್ನು ಸೈಕಲ್ ಹತ್ತಿಸಿರಲೇ ಇಲ್ಲ.

“ಮಂಡಿಗಲ್ಲ ಕಣೇ” ಅಂದಿದ್ದರು ಆಪಾ. “ಈ ಬೀದೀಲಿ ನಿಲ್ಸಿದ್ರು. ಈ ಬೀದೀಲೇ ಒಂದ್ಸಲ ಹೊಡೀಬೇಕು.”

ಅಂಗಡಿಗೆ ಬಂದಿದ್ದ ಇಮ್ರಾನ್ ನಕ್ಕ. “ಹೊಡಿ ಅಮ್ಮೀ. ಯಾರು ಬೇಡ ಅಂದ್ರು?”

“ಬೇಡ ಅಂತ ಯಾರೂ ಅನ್ನಲ್ಲ ಕಣೋ. ನೋಡ್ತಾರೆ.”

ಅದಕ್ಕೇ ಮಡಚುವ ಸೈಕಲ್. ಸೈಕಲ್ ವಿಷಯ ಬೀದಿಗೆ ಗೊತ್ತಿದ್ದರೂ ಹೊಡೆಯುವುದು ಯಾರ ಕಣ್ಣಿಗೂ ಬೀಳದಂತೆ ಚೀಲದಲ್ಲಿಟ್ಟುಕೊಂಡು ರೈಲು ಹತ್ತುವುದು, ಗುರುತಿನವರಿಲ್ಲದ ರಸ್ತೆಯಲ್ಲಿ ಅಭ್ಯಾಸ ಮಾಡುವುದು, ಕೈ ಕುದುರಿದ ಮೇಲೆ ನಮ್ಮ ಬೀದಿಗೆ ಬರುವುದು. ಅವರ ಮಹಡಿಯ ಮನೆಗೆ ಕಿರಿದಾದ ಮೆಟ್ಟಿಲು ಬೇರೆ, ಸಾಮಾನ್ಯ ಸೈಕಲ್ಲಿಗೆ ಜಾಗವೂ ಇರಲಿಲ್ಲ. ಬೆಲೆ ಮಾತ್ರ ಒಂದು ಒಳ್ಳೆಯ ಹೊಲಿಗೆ ಮಷೀನಿನ ಬೆಲೆ ದಾಟಬಾರದು ಎಂದು ಗೆರೆ ಎಳೆದಿದ್ದರು. ಇಮ್ರಾನ್ ಮೊಬೈಲಿನಲ್ಲಿ ಅಲ್ಯೂಮಿನಿಯಂನ ಹಗುರವಾದ ಸೈಕಲ್ ತೋರಿಸಿದ. ಬೆಲೆ ಕೇಳಿ, “ಅದನ್ನ ಹೊಡಿಯೋದಲ್ಲ, ಗೋಡೆಗೆ ನೇತಾಕ್ಕೊಂಡು ನೋಡ್ಬೇಕು” ಅಂದರು. ಆದರೆ ಮಡಚಿದಾಗ ಅದರ ಉದ್ದ, ಅಗಲ, ಎತ್ತರ ಎಷ್ಟು ಎಂದು ಅವನ ಹತ್ತಿರ ಓದಿಸಿಕೊಂಡರು.

ಮಾರನೆಯ ದಿನ ನಾನು ಅಂಗಡಿಗೆ ಹೋದಾಗ ದಪ್ಪ ಕ್ಯಾನ್ವಾಸ್ ಬಟ್ಟೆ ಕತ್ತರಿಸಿ ಚೀಲ ಹೊಲಿಯುತ್ತಿದ್ದರು.

“ಸೈಕಲ್ಲೇ ಇಲ್ವಲ್ಲ ಆಪಾ?”

“ಬರೋದ್ರೊಳಗೆ ಬಟ್ಟೆ ರೆಡಿ ಇರ್ಬೇಕು. ಮಗೂಗೆ ಕುಲಾವಿ ಹೊಲಿದಿಡಲ್ವಾ?”

“ಹುಟ್ಟೋಕ್ ಮುಂಚೆ ಹೊಲೀಬಾರ್ದು ಅಂತಾರೆ.”

“ಅದು ಮಗೂಗೆ. ಇದು ಕಬ್ಬಿಣ.”

ಚೀಲಕ್ಕೆ ಎರಡು ಹಿಡಿ ಇಟ್ಟರು, ಒಂದು ಅವರಿಗೆ, ಒಂದು ನನಗೆ. ನಾನೂ ಕಲಿಯಬೇಕು ಎಂಬುದು ಆ ಹಿಡಿಯಿಂದಲೇ ನನಗೆ ತಿಳಿದದ್ದು.

ಕಡೂರಿನಲ್ಲಿ ವಿಚಾರಿಸಿದ ಕಡೆ ಮಡಚುವ ಸೈಕಲ್ ಸಿಗಲಿಲ್ಲ. ತರೀಕೆರೆಯ ಒಂದು ಅಂಗಡಿಯಲ್ಲಿ ಎರಡಿವೆ ಎಂದು ಇಮ್ರಾನ್ ಫೋನಿನಲ್ಲಿ ಕೇಳಿ ತಿಳಿದುಕೊಂಡ. ನಾವಿಬ್ಬರೂ ಖಾಲಿ ಚೀಲ ಹಿಡಿದು ಬಸ್ಸಿನಲ್ಲಿ ಹೋದೆವು.

“ಎಂಥ ಸೈಕಲ್ ಬೇಕು ಮೇಡಂ?” ಅಂಗಡಿಯವರು ಕೇಳಿದರು.

“ಈ ಚೀಲಕ್ಕೆ ಹಿಡಿಸೋದು.”

ಅವರು ಚೀಲ ನೋಡಿದರು, ಆಪಾನ ಕತ್ತಿನ ಟೇಪು ನೋಡಿದರು. “ಸೈಕಲ್ಲಿಗೆ ಚೀಲ ಕೇಳೋರ್ನ ಕಂಡಿದ್ದೀನಿ. ಚೀಲಕ್ಕೆ ಸೈಕಲ್ ಕೇಳ್ದೋರು ನೀವೇ ಮೊದ್ಲು ಕಣ್ರೀ.”

ಎರಡನ್ನೂ ಮಡಚಿ ತೋರಿಸಿದರು. ಚಿಕ್ಕ ಚಕ್ರದ್ದು ಚೀಲದೊಳಗೆ ಸರಿಯಾಗಿ ಕುಳಿತಿತು. ಇನ್ನೊಂದರ ಚಕ್ರ ದೊಡ್ಡದು, ಅದರ ಹ್ಯಾಂಡಲ್ ಹೊರಗೇ ಉಳಿಯಿತು. ಆಪಾ ಚಿಕ್ಕದೇ ಸಾಕು ಅಂದರು.

“ಬೇಕಾದ್ರೆ ಕೊಡ್ತೀನಿ. ಮನೆ ಅಂಗಳಕ್ಕೆ ಅದು ಸರಿ. ನಮ್ ರೋಡಲ್ಲಿ ಗುಂಡಿ ಸಿಕ್ರೆ ಚಕ್ರ ಅಲ್ಲೇ ಉಳ್ಕಳುತ್ತೆ, ನೀವೊಬ್ರೇ ಮುಂದಕ್ಕೋಗ್ತೀರಿ” ಅಂದರು ಅಂಗಡಿಯವರು. “ರೋಡಿಗೆ ತಗೊಂಡೋಗಿ ಎರಡನ್ನೂ ಒಂದೊಂದು ರೌಂಡ್ ಹೊಡೀರಿ, ನಿಮ್ಗೇ ಗೊತ್ತಾಗುತ್ತೆ.”

ಆಪಾ ರಸ್ತೆಯ ಕಡೆ ನೋಡಿದರು. ಎದುರಿಗೆ ಟೀ ಅಂಗಡಿಯಲ್ಲಿ ನಾಲ್ಕಾರು ಗಂಡಸರು ನಿಂತಿದ್ದರು. “ಹಿಂದ್ಗಡೆ ಜಾಗ ಇದ್ಯಾ?” ಅಂದರು.

ಹಿಂದೆ ಹಳೆ ಟೈರು, ರಟ್ಟಿನ ಪೆಟ್ಟಿಗೆ ತುಂಬಿದ ಸಣ್ಣ ಅಂಗಳವಿತ್ತು. ಮೊದಲು ಚಿಕ್ಕದನ್ನು ಹತ್ತಿ ಒಂದು ಸುತ್ತು ಹೊಡೆದರು. ಮಂಡಿ ಎದೆಗೆ ಬರುತ್ತಿತ್ತು, ಸಣ್ಣ ಕಲ್ಲಿಗೂ ಸೈಕಲ್ ಕುಪ್ಪಳಿಸುತ್ತಿತ್ತು. ಆಮೇಲೆ ದೊಡ್ಡದನ್ನು ತೆಗೆದುಕೊಂಡರು. ಸೀಟು ಮೇಲೇರಿಸಿಕೊಂಡರು. ನಡುವಿನ ಕೀಲನ್ನು ಹಿಡಿದು ಅಲ್ಲಾಡಿಸಿ ಸಡಿಲವಿಲ್ಲ ಎಂದು ನೋಡಿದರು. ಗೇರ್ ಇಲ್ಲದಿದ್ದುದಕ್ಕೆ ಬೆಲೆಯೂ ಗೆರೆಯೊಳಗಿತ್ತು. ಎರಡು ಸುತ್ತಿನ ಮೇಲೆ ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ. ಟೈರುಗಳ ಸುತ್ತ ಮತ್ತೆ ಮತ್ತೆ ಬಂದರು. ದುಪಟ್ಟಾ ಜಾರಿ ಹೆಗಲಿಗೆ ಬಂದಿತ್ತು. ಅಂಗಡಿಯವರು ಒಳಗೆ ಹೋದರು.

ಇಳಿದ ಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿ, ನನ್ನ ಗಿಡ್ಡ ಕಾಲಿಗೆ ಸೀಟು ಎಷ್ಟು ಇಳಿಯುತ್ತದೆ ಎಂದು ನೋಡಿದರು. ಕಾಲು ನೆಲ ಮುಟ್ಟಿತು. “ಇದೇ ಇರ್ಲಿ” ಅಂದರು. ಅಂಗಡಿಯವರಿಂದ ಬ್ಲೇಡು ಇಸಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಚೀಲದ ಪಕ್ಕದ ಹೊಲಿಗೆ ಬಿಚ್ಚಿದರು. ಒಳಗೆ ಮೂರು ಬೆರಳಷ್ಟು ಬಟ್ಟೆ ಮಡಚಿಟ್ಟಿದ್ದರು. ಬ್ಲೌಸಿಗೂ ಹಾಗೇ ಬಿಡುತ್ತಿದ್ದರು, ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಹ್ಯಾಂಡಲ್ ಒಳಗೆ ಹೋಯಿತು. ಎತ್ತಿದರೆ ಇಬ್ಬರ ಸೊಂಟವೂ ಬಾಗಿತು.

“ಮಡಚಿದ್ರೆ ಸಣ್ಣದಾಗುತ್ತೆ ಮೇಡಂ, ಹಗುರ ಆಗಲ್ಲ” ಅಂದರು ಅಂಗಡಿಯವರು.

ಅಂದಿನಿಂದ ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಅಜ್ಜಂಪುರಕ್ಕೆ ಹೋಗುತ್ತಿದ್ದೆವು. ಮೊದಲ ಸಲವೇ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹೆಂಗಸು ಚೀಲದಲ್ಲಿ ಏನು ಎಂದು ಕೇಳಿದಳು. ಆಪಾ ಥಟ್ಟನೆ “ಹೊಲಿಗೆ ಮಷೀನು” ಅಂದರು. ಆಕೆ ಅಂತರಘಟ್ಟೆಯವಳು. “ಒಳ್ಳೇದಾಯ್ತು ಕಣಕ್ಕ, ನಮ್ ಕಡೆ ಬ್ಲೌಸ್ ಹೊಲಿಯೋಳು ಮದ್ವೆ ಆಗಿ ಹೋದ್ಲು” ಎಂದು ಎದ್ದು ನಿಂತಳು. ಬೀರೂರು ದಾಟುವುದರೊಳಗೆ ಆಪಾ ಆಕೆಯ ಅಳತೆ ತೆಗೆದಿದ್ದರು. ಮುಂದಿನ ಭಾನುವಾರ ಬ್ಲೌಸನ್ನೂ ತಂದುಕೊಟ್ಟರು. ಆಮೇಲೆ ಆಕೆಗೆ ನಿಜ ಹೇಳಲು ನಾಚಿಕೆಯಾಗಿ, ಆಕೆ ಹತ್ತುವ ಬೋಗಿಯನ್ನೇ ಬಿಟ್ಟು ಬೇರೆ ಬೋಗಿ ಹತ್ತುತ್ತಿದ್ದೆವು.

ಊರು ದಾಟಿದ ಮೇಲೆ ಸೈಕಲ್ ಬಿಡಿಸುತ್ತಿದ್ದೆವು. ಆಪಾ ಕಣ್ಣಿಗೆ ಕಾಣುವಷ್ಟು ದೂರ ಹೋಗಿ ಬರುತ್ತಿದ್ದರು. ನಾನು ಮೋರಿ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ವಾಪಸ್ ಬಂದು ಸೀಟು ಇಳಿಸಿ ನನ್ನನ್ನು ಹತ್ತಿಸುತ್ತಿದ್ದರು. “ಚಕ್ರ ನೋಡ್ಬೇಡ ಕಣೇ, ಅದೇನು ಓಡೋಗುತ್ತಾ? ಮುಂದೆ ನೋಡು” ಎಂದು ಹಿಂದಿನಿಂದ ಕೂಗುತ್ತಿದ್ದರು. ಎರಡು ಸಲ ಬೇಲಿಗೆ ಹೋಗಿ ಬಿದ್ದೆ. ಮೂರನೆಯ ತಿಂಗಳಿಗೆ ನನಗೂ ಬಂತು. ಅವರಂತೂ ಎದುರಿಗೆ ಲಾರಿ ಬಂದರೂ ಅಲುಗದೆ ಹೊಡೆಯುತ್ತಿದ್ದರು. ಕಡೂರು ಸ್ಟೇಷನ್ನಿನಲ್ಲಿ ಇಳಿದ ಮೇಲೆ ಮಾತ್ರ ಚೀಲದ ಜಿಪ್ಪು ಪೂರ್ತಿ ಎಳೆದಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಬೀದಿಯಲ್ಲಿ ಹೊಡೆಯುವ ಮಾತು ಶನಿವಾರ ಬರುತ್ತಿತ್ತು, ಭಾನುವಾರ ಬೆಳಿಗ್ಗೆ ನಾವು ರೈಲಿನಲ್ಲಿರುತ್ತಿದ್ದೆವು. ನಾನು ಒತ್ತಾಯ ಮಾಡಲಿಲ್ಲ. ಅವಸರವಿದೆ ಅನ್ನಿಸಿರಲಿಲ್ಲ.

ಅವರು ಹೋಗಿ ಎರಡು ತಿಂಗಳಾದ ಮೇಲೆ ಇಮ್ರಾನ್ ಸೈಕಲ್ ತಂದು ನಮ್ಮ ಜಗಲಿಯ ಮೇಲಿಟ್ಟ. “ನಮ್ಮನೇಲಿ ಯಾರೂ ಹೊಡಿಯಲ್ಲ ಸರೋಜಕ್ಕ. ನಿಮ್ಮತ್ರಾನೇ ಇರ್ಲಿ” ಅಂದ. ಅಂಗಡಿಯ ಷಟರ್ ಎಳೆದೇ ಇತ್ತು. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಂದು ಹೊಲಿಗೆ ಅಂಗಡಿಗೆ ಸೇರಿದ್ದೆ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅದನ್ನು ಬಿಡಿಸಿ ಬೀದಿಗೆ ಇಳಿಸಿದೆ. ಹತ್ತಿ ಬೀದಿ ತುದಿಯ ಕಡೆಗೆ ಹೊಡೆದೆ. ಹಾಲಿನವನು ಬೆಲ್ ಹೊಡೆದು ಪಕ್ಕಕ್ಕೆ ಹೋದ. ಬಾಗಿಲಿಗೆ ನೀರು ಹಾಕುತ್ತಿದ್ದ ಗೌರಮ್ಮ, “ಎಷ್ಟು ಕೊಟ್ಟೇ ಇದಕ್ಕೆ?” ಅಂದಳು. ಆಪಾನ ಚಿಕ್ಕಪ್ಪ, ಅಂದು ಹ್ಯಾಂಡಲ್ ಹಿಡಿದ ದೊಡ್ಡಪ್ಪನ ತಮ್ಮ, ಜಗಲಿಯ ಮೇಲೆ ಪೇಪರು ಓದುತ್ತಾ ಕುಳಿತಿದ್ದರು. ಆಪಾ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದುದು ಅವರ ಕಣ್ಣಿಗೆ. ಅವರು ಕನ್ನಡಕ ಮೇಲೆತ್ತಿ ಸೈಕಲ್ ನೋಡಿದರು. ನಮ್ಮ ಮುಮ್ತಾಜಳದು ಅಲ್ವೇನಮ್ಮ ಅಂದರು. ಕಾಲೂರಿ ನಿಂತು, ಹೌದು ಅಂದೆ. “ಅವಳು ಯಾಕಮ್ಮ ಹೊಡೀಲೇ ಇಲ್ಲ?” ಎಂದು ಕೇಳಿದರು. ನಾನು ಮತ್ತೆ ಪೆಡಲ್ ಮೇಲೆ ಕಾಲಿಟ್ಟೆ. ಅವರು ಮತ್ತೆ ಪೇಪರಿಗೆ ತಿರುಗಿದರು.

ನನ್ನನ್ನು ನೋಡುವುದೂ ಆಪಾನನ್ನು ನೋಡುವುದೂ ಬೀದಿಗೆ ಒಂದೇ ಅಲ್ಲ ಎಂದು ನನಗೆ ಗೊತ್ತು. ಆದರೂ ಅವತ್ತು ಯಾರೂ ಏನೂ ಅನ್ನಲಿಲ್ಲ. ಇದನ್ನು ಹೇಳಬೇಕಾಗಿದ್ದುದು ಆಪಾಗೆ ಒಬ್ಬರಿಗೇ. ಅವರು ಇಲ್ಲ.