ಜೋಳದ ಗುಮ್ಮಿಯೊಳಗಿನ ಸೀಲು

ನನ್ನ ತಮ್ಮ ಬಸುವಿನ ಬಲಗೈ ಹೆಬ್ಬೆರಳ ತುದಿ ಯಾವಾಗಲೂ ಸುಟ್ಟಿರುತ್ತಿತ್ತು. ಜಪ್ತಿ ಮಾಡಿದ ಮಾಲಿನ ಗಂಟಿನ ಮೇಲೆ ಅರಗು ಕರಗಿಸಿ ಸುರಿದು, ಅದು ಆರುವ ಮೊದಲೇ ಹಿತ್ತಾಳೆಯ ಸೀಲು ಒತ್ತುವ ಅವಸರದಲ್ಲಿ ಒಂದು ಹನಿ ಬೆರಳಿಗೆ ತಾಗದೆ ಇರುತ್ತಿರಲಿಲ್ಲ. ಬೇರೆ ಪೊಲೀಸ್ ಅಧಿಕಾರಿಗಳು ಆ ಕೆಲಸವನ್ನು ಕೈಕೆಳಗಿನವರಿಗೆ ಹೇಳುತ್ತಾರಂತೆ. ಇವನು ಪಿಎಸ್‌ಐ ಆದ ಮೇಲೂ ತಾನೇ ಮಾಡುತ್ತಿದ್ದ. ಊಟಕ್ಕೆ ಕುಳಿತಾಗ ಆ ಬೆರಳನ್ನು ಎತ್ತಿ ಹಿಡಿದು ಉಳಿದ ಬೆರಳುಗಳಿಂದ ರೊಟ್ಟಿ ಮುರಿಯುತ್ತಿದ್ದ. ನಮ್ಮ ಅವ್ವ ಅದನ್ನು ಕಂಡು, "ಯಪ್ಪಾ, ಉರೀತದೇನೋ?" ಎಂದು ಬೆಣ್ಣೆ ಹಚ್ಚುತ್ತಿದ್ದಳು. ದಿನವೂ ಒಲೆಯ ಮುಂದೆ ರೊಟ್ಟಿ ಬಡಿಯುವ ನನ್ನ ಬೆರಳಿಗೆ ಅವಳು ಬೆಣ್ಣೆ ಹಚ್ಚಿದ್ದು ನನಗೆ ನೆನಪಿಲ್ಲ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮನ ಬಗ್ಗೆ ಬರೆಯುವಾಗ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಬರೆಯಲು ನನಗೆ ಬರುವುದಿಲ್ಲ.

ನಾವು ಬಬಲೇಶ್ವರದವರು. ಅಪ್ಪ ಕುಪ್ಪಸ ಹೊಲಿಯುತ್ತಿದ್ದ, ಅವ್ವ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಬಸು ಹುಟ್ಟಿದಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಒಂದು ಮುಂಜಾನೆ ಅವ್ವ ನನ್ನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ, ಕೂಸನ್ನು ನನ್ನ ಸೊಂಟದ ಮೇಲೆ ಕೂರಿಸಿದಳು. ಆಗ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಸೊಂಟದಿಂದ ಇಳಿದ ಕೂಸು ಅದೇ ಸಾಲೆಗೆ ಹೋಯಿತು, ವಿಜಯಪುರದಲ್ಲಿ ಕಾಲೇಜು ಓದಿತು, ಕಾನ್‌ಸ್ಟೇಬಲ್ ಆಯಿತು, ಮತ್ತೆ ಪರೀಕ್ಷೆ ಬರೆದು ಹೆಗಲಿಗೆ ನಕ್ಷತ್ರ ಏರಿಸಿಕೊಂಡಿತು. ನಾನು ತಿಕೋಟಾಕ್ಕೆ ಸೊಸೆಯಾಗಿ ಬಂದೆ. ನನ್ನ ಗಂಡನದು ಬಸ್ ನಿಲ್ದಾಣದ ಹತ್ತಿರ ಹಿಟ್ಟಿನ ಗಿರಣಿ.

ಬಸುವಿಗೆ ಒಂದು ಹುಚ್ಚಿತ್ತು. ಏನೇ ಆದರೂ ಇಬ್ಬರು ನೋಡಿರಬೇಕು. "ಒಬ್ಬ ನೋಡಿದ್ರ ಅದು ಸುದ್ದಿ. ಇಬ್ಬರು ನೋಡಿದ್ರ ಸಾಕ್ಷಿ" ಎನ್ನುತ್ತಿದ್ದ. ವಿಜಯಪುರದ ಜೋರಾಪುರ ಪೇಟೆಯ ಅವನ ಬಾಡಿಗೆ ಮನೆಯಲ್ಲಿ ಮಿಠಾಯಿ ಪೊಟ್ಟಣ ಬಿಚ್ಚಬೇಕಾದರೂ ಇಬ್ಬರು ಮಕ್ಕಳೂ ಎದುರಿಗಿರಬೇಕು. ಹೆಂಡತಿ ಸುಶೀಲಾ ತಲೆ ಚಚ್ಚಿಕೊಳ್ಳುತ್ತಿದ್ದಳು. "ಅಕ್ಕಾರ, ಲಗ್ನದಾಗ ತಾಳಿ ಕಟ್ಟಿದ ಮ್ಯಾಲೆ ಇವ್ರು ಹೊಳ್ಳಿ ಮಂದಿ ಕಡೆ ನೋಡಿದ್ರು. ಎಲ್ಲಾರೂ ನೋಡೀರೇನ್ರಿ ಅಂತ ಕೇಳ್ತಾರೇನೋ ಅಂತ ನನಗ ಅಂಜಿಕಿ!"

ಒಮ್ಮೆ ಅವ್ವನ ಕಿವಿಯ ಬೆಂಡೋಲಿಗಳಿಗೆ ಮೆರುಗು ಹಾಕಿಸಬೇಕಿತ್ತು. ಬಸು ಅವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪಕ್ಕದ ಮನೆಯ ಅಜ್ಜಿಯನ್ನು ಕರೆದು ತೋರಿಸಿ, ದಾರ ಕಟ್ಟಿ, ಮೇಲೆ ಅರಗು ಸುರಿದು ಸೀಲು ಒತ್ತಿದ. ಸಿದ್ಧೇಶ್ವರ ಗುಡಿಯ ಹತ್ತಿರದ ಅಕ್ಕಸಾಲಿಗ ಗಂಟು ನೋಡಿ ಕಂಗಾಲಾಗಿ, "ಸಾಹೇಬ್ರ, ಇದರಾಗ ಬಂಗಾರ ಐತೋ ಗಾಂಜಾ ಐತೋ? ನಾ ಬಿಚ್ಚೂದಿಲ್ರೀ ಯಪ್ಪಾ!" ಎಂದನಂತೆ. ಅವ್ವ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ಹೇಳಿ ನಗುತ್ತಿದ್ದಳು. ನಾನು ಹೋದ ಪ್ರತಿ ಸಲವೂ ಬುಟ್ಟಿ ತುಂಬ ಹಿಟ್ಟು ಬೀಸಿ ಅವಳಿಗೆ ಒಯ್ದು ಕೊಡುತ್ತಿದ್ದೆ. ಹಿಟ್ಟಿನ ಬಗ್ಗೆ ಯಾರು ಕಥೆ ಹೇಳುತ್ತಾರೆ?

ನನ್ನ ಗಂಡ ಒಂದು ಸಲ ಅವನನ್ನು ಛೇಡಿಸಿದ. "ಕಳ್ಳರ ಮ್ಯಾಲೆ ಇಷ್ಟ್ಯಾಕ ಮಾಯಾ ನಿನಗ?"

"ಮಾಯಾ ಅಲ್ಲ ಮಾಮಾ. ಗಾಂಜಾ ಕೇಸಿನ್ಯಾಗ ಸಿಕ್ಕಾವ್ರು ವರ್ಷಾನುಗಟ್ಲೆ ಒಳಗ ಕೂಡ್ತಾರ. ಗಂಟು ಇವರ ಹತ್ರ ಸಿಕ್ತು ಅನ್ನಾವ್ರೂ ನಾವ, ಆ ಗಂಟು ಕಾಯಾವ್ರೂ ನಾವ. ನಡುವ ನಾವ ಏನರ ಬೆರಸಿದ್ರ ಯಾರು ನೋಡ್ತಾರ? ಅದಕ್ಕ ಸೀಲು. ಒತ್ತಿದ ಮ್ಯಾಲೆ ಅದು ನಮ್ಮ ಕೈಯಾಗ ಇರಬಾರದು. ಪ್ರಯೋಗಾಲಯಕ್ಕ ಮಾಲು ಮುಟ್ಟೂ ತನಕ ಎದುರಿಗೆ ನಿಂತು ನೋಡಿ ಸಹಿ ಮಾಡಿದ ಊರಾಗಿನ ಪಂಚರ ಹತ್ರ ಇರಬೇಕ. ಇದು ಪೊಲೀಸರನ್ನ ಕಟ್ಟೂ ಹಗ್ಗ."

ಆ ಸೀಲು ನನ್ನ ಕೈಗೆ ಬಂದದ್ದು ಕೆಲವು ವರ್ಷಗಳ ಹಿಂದೆ. ಈಗಿನಂತೆ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಬೇಕೆಂಬ ನಿಯಮ ಆಗ ಬಂದಿರಲಿಲ್ಲ. ತಿಕೋಟಾ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಕೌದಿಯ ಗಂಟು ಹೊತ್ತು ಇಳಿದಿದ್ದಳು. ಕೌದಿಯೊಳಗೆ ಗಾಂಜಾ ಇದೆ ಎಂದು ಸುದ್ದಿ ಬಂದು ಬಸು ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಕರೆದುಕೊಂಡು ಬಂದಿದ್ದ. ಹೆಂಗಸನ್ನು ಶೋಧಿಸುವಾಗ ನೋಡಲು ಒಬ್ಬ ಹೆಣ್ಣು ಪಂಚಳೂ ಇರಲಿ ಎಂದು ಅವನ ಹಟ. ಕಾನ್‌ಸ್ಟೇಬಲ್ ಓಣಿಯೆಲ್ಲ ಸುತ್ತಿದಳು. "ಕೋರ್ಟು ಕಚೇರಿ ನಮಗ ಬ್ಯಾಡವ್ವಾ" ಎಂದು ಬಾಗಿಲುಗಳು ಹಾಕಿಕೊಂಡವು. ಬಸು ನಮ್ಮ ಗಿರಣಿಯ ಮುಂದೆಯೇ ನಿಂತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನೇ ಹೊರಗೆ ಬಂದೆ. "ನಾ ಆಗ್ತೇನಿ ಪಂಚಳು."

"ಬ್ಯಾಡ ಅಕ್ಕಾ. ನೀ ನನ್ನ ಸ್ವಂತದಾಕಿ. ನಡ್ಯಾಂಗಿಲ್ಲ."

"ಹಂಗಾ? ಸೊಂಟದ ಮ್ಯಾಲೆ ಹೊರಾಕ ನಡೀತದ, ಸಹಿ ಮಾಡಾಕ ನಡ್ಯಾಂಗಿಲ್ಲ? ನಾಕನೇ ಇಯತ್ತೆ ಕಲತಾಕಿ ಅಂತ ನಾಚಿಕಿ ಬರ್ತದೇನಲೇ ನಿನಗ?"

ನಾಲ್ಕು ಮಂದಿ ಕೇಳುವಂತೆಯೇ ಅಂದೆ. ಅವನ ಮುಖ ಕೆಂಪಾಯಿತು. "ಬಾ" ಎಂದ. ಇನ್ನೊಬ್ಬ ಪಂಚನಾಗಿ ನಿಲ್ದಾಣದ ಚಹಾದಂಗಡಿಯವನು ಬಂದ. ಪಂಚನಾಮೆಯಲ್ಲಿ ನನ್ನ ಹೆಸರಿನ ಜೊತೆ ಗಂಡನ ಹೆಸರು ಬಂತು. ಪಿಎಸ್‌ಐ ಸಾಹೇಬರ ಅಕ್ಕ ಎಂದು ಎಲ್ಲಿಯೂ ಬರೆಯಲಿಲ್ಲ. ಇಡೀ ನೌಕರಿಯಲ್ಲಿ ಅವನು ನಿಯಮ ಮುರಿದದ್ದು ಅದೊಂದೇ ಸಲ, ಅದೂ ನನ್ನ ಬಾಯಿಗೆ ಹೆದರಿ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಮೊದಲು ಆ ಹೆಂಗಸಿಗೆ ಕುಡಿಯಲು ನೀರು ಕೊಡಿಸಿದ. ಆಮೇಲೆ ಅವಳ ಮುಂದೆ ನಿಂತು ಹೇಳಿದ: "ನೋಡ್ರಿ ಬಾಯಾರ, ನಿಮ್ಮನ್ನ ತಪಾಸ ಮಾಡೋದೈತಿ. ಮ್ಯಾಜಿಸ್ಟ್ರೇಟರ ಮುಂದ ಇಲ್ಲಾ ದೊಡ್ಡ ಅಧಿಕಾರಿ ಮುಂದ ಮಾಡ್ರಿ ಅಂತ ಕೇಳೋ ಹಕ್ಕು ನಿಮಗೈತ್ರಿ. ಏನಂತೀರಿ?" ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದ. ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದ. ಅವಳು ಬಾಯಿ ಬಿಡುವ ತನಕ ಕಾದ. ದೊಡ್ಡ ಅಧಿಕಾರಿ ಬೇಕೆಂದಳು. ಅವರು ವಿಜಯಪುರದಿಂದ ಬರುವವರೆಗೆ ಗಂಟಿಗೆ ಯಾರೂ ಕೈ ಹಚ್ಚಲಿಲ್ಲ.

ನನ್ನ ಎದೆಯಲ್ಲಿ ಕಿಚ್ಚು ಎದ್ದದ್ದು ಆಗಲೇ. ಗುರುತಿಲ್ಲದ, ಗಾಂಜಾ ಹೊತ್ತ ಹೆಂಗಸನ್ನು 'ನೀವು ಏನಂತೀರಿ' ಎಂದು ಮತ್ತೆ ಮತ್ತೆ ಕೇಳುತ್ತಾನೆ. ನನ್ನ ಪಾಟಿಚೀಲ ಗೂಟಕ್ಕೆ ಏರಿದ ದಿನ ನನ್ನನ್ನು ಕೇಳಿದವರು ಯಾರು? ಆಗ ಅವನು ಹಸಿಗೂಸು ಎಂದು ನನಗೂ ಗೊತ್ತು. ಗೊತ್ತಿದ್ದರೂ ಕಿಚ್ಚು ಆರಲಿಲ್ಲ.

ಗಾಂಜಾ ಸಿಕ್ಕಿತು. ನಮ್ಮ ಗಿರಣಿಯ ತಕ್ಕಡಿಯಲ್ಲೇ ತೂಗಿದರು. ಬಸು ತಕ್ಕಡಿಯನ್ನು ತನ್ನ ಕರವಸ್ತ್ರದಿಂದ ಒರೆಸುತ್ತಲೇ ಇದ್ದ. ನನ್ನ ಗಂಡ ಬೇಸತ್ತು, "ಸಾಕೋ, ಸವದು ಹೋದೀತು" ಎಂದ. "ಚಿಟಿಕಿ ಹಿಟ್ಟಿದ್ರೂ ಆಕಿ ಹೆಸರಿಗೆ ಹತ್ತತದ ಮಾಮಾ" ಎಂದು ಮತ್ತೆ ಒರೆಸಿದ. ಮಾದರಿ ತೆಗೆದು, ಗಂಟು ಕಟ್ಟಿ, ಅರಗು ಸುರಿದು, ಸೀಲು ಒತ್ತಿದ. ಬೆರಳು ಸುಟ್ಟುಕೊಂಡ. ಆಮೇಲೆ ನನ್ನ ಸಹಿ ಪಡೆದು ಸೀಲನ್ನು ನನ್ನ ಅಂಗೈಯಲ್ಲಿಟ್ಟ. ಇನ್ನೂ ಬೆಚ್ಚಗಿತ್ತು. "ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ" ಎಂದ.

ನಾನು ಅದನ್ನು ದೇವರ ಜಗುಲಿಯ ಮೇಲಿಟ್ಟೆ. ಓಣಿಯ ಹೆಂಗಸರಿಗೆ ತೋರಿಸಿದೆ. ಅವನದೊಂದು ವಸ್ತು ನನ್ನ ಹತ್ತಿರವಿತ್ತು, ಅದನ್ನು ಅವನು ಮುಟ್ಟುವಂತಿರಲಿಲ್ಲ. ಅಷ್ಟು ಸುಖ ನನಗೆ ಯಾವ ಒಡವೆಯೂ ಕೊಟ್ಟಿರಲಿಲ್ಲ. ಪ್ರಯೋಗಾಲಯದ ವರದಿ ಬಂದ ಮೇಲೆ ಒಯ್ಯಲು ಬಂದ. "ಎಲ್ಲೋ ಇಟ್ಟೀನಿ, ಹುಡುಕಬೇಕ" ಎಂದೆ. "ಇರಲಿ ಬಿಡು. ಸಾಕ್ಷಿ ಹೇಳಾಕ ಬರೋ ಮುಂದ ತಗೊಂಡ್ ಬಾ" ಎಂದು ಚಹಾ ಕುಡಿದು ಹೋದ.

ಸಾಕ್ಷಿ ಹೇಳುವ ದಿನ ಅದು ನನ್ನ ಸೊಂಟದ ಎಲೆ-ಅಡಿಕೆ ಸಂಚಿಯಲ್ಲಿತ್ತು. ವಿಜಯಪುರದ ಕೋರ್ಟಿನ ಪಡಸಾಲೆಯಲ್ಲಿ ಬಸು ನಿಂತಿದ್ದ. ಬಂದು ಹೋಗುವವರೆಲ್ಲ ಅವನಿಗೆ ನಮಸ್ಕಾರ ಹೊಡೆಯುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬರಲಿಲ್ಲ. ದೂರದಿಂದಲೇ ಕಾನ್‌ಸ್ಟೇಬಲ್‌ಗೆ, "ಅವರು ಸಾಕ್ಷಿದಾರರು, ಕೂಡಾಕ ಜಾಗಾ ಮಾಡಿ ಕೊಡ್ರಿ" ಎಂದ. ಸಾಕ್ಷಿಗೆ ಏನೂ ಹೇಳಿಕೊಡಬಾರದೆಂಬ ಅವನ ನೇಮ ನನಗೆ ಗೊತ್ತಿತ್ತು. ಆದರೆ ಅಷ್ಟು ಮಂದಿಯ ನಡುವೆ ನಾನು 'ಅಕ್ಕ' ಆಗಲಿಲ್ಲ.

ಒಳಗೆ ಸರಕಾರಿ ವಕೀಲರು ಕೇಳಿದರು, "ಸೀಲು ತಂದೀರೇನು?"

ಸಂಚಿ ಸೊಂಟಕ್ಕೆ ಒತ್ತುತ್ತಿತ್ತು.

"ಇಲ್ರಿ. ಅವತ್ತ ಸಂಜೀಕ ಸಾಹೇಬ್ರು ಬಂದು ಹೊಳ್ಳಿ ಇಸ್ಕೊಂಡು ಹೋದ್ರು."

ವಕೀಲರು ಬೆಚ್ಚಿ ನನ್ನ ಸಹಿ ತೋರಿಸಿದರು. "ಇದು ನಿಮ್ಮ ಸಹಿ ಹೌದಲ್ಲೋ?"

"ಹೌದ್ರಿ. ಇಸ್ಕೊಂಡದ್ದಕ್ಕ ನಾ ಸಹಿ ಮಾಡೀನಿ. ಹೊಳ್ಳಿ ಒಯ್ಯೂ ಮುಂದ ನನಗ ಸಹಿ ಮಾಡಿ ಕೊಡಾವ್ರು ಯಾರ್ರಿ?"

ಆರೋಪಿಯ ವಕೀಲರು ಸಣ್ಣಗೆ ನಕ್ಕರು. ಮಾಲು ಠಾಣೆಯಲ್ಲಿ, ಸೀಲೂ ಪೊಲೀಸರ ಕೈಯಲ್ಲಿ ಎಂದರೆ, ಗಂಟು ಬಿಚ್ಚಿ ಮತ್ತೆ ಮುಚ್ಚಿಲ್ಲ ಎನ್ನಲು ಏನು ಆಧಾರ? ಚಹಾದಂಗಡಿಯವನು ಮೊದಲೇ ತನಗೇನೂ ನೆನಪಿಲ್ಲ ಎಂದು ಹೇಳಿ ಇಳಿದಿದ್ದ.

ಬಸು ಸಾಕ್ಷಿ ಹೇಳುವ ದಿನವೂ ನಾನು ಹೋದೆ. ಯಾಕೆ ಹೋದೆನೋ. ಅವನು ಬೀಳುವುದನ್ನು ನೋಡಲೆಂದೇ ಹೋಗಿರಬೇಕು. ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತೆ. ಊರಿನವರು ಯಾರೋ ಆರೋಪಿಯ ವಕೀಲರಿಗೆ ಸಂಬಂಧ ತಿಳಿಸಿದ್ದರು.

"ಆ ಪಂಚಳು ನಿಮಗ ಏನಾಗಬೇಕು?"

"ಸ್ವಂತ ಅಕ್ಕ ರೀ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ಅವನು ಆ ಮಾತನ್ನು ತಡವರಿಸದೆ, ತಲೆ ತಗ್ಗಿಸದೆ ಹೇಳಿದ.

"ಸೀಲು ಹೊಳ್ಳಿ ಇಸ್ಕೊಂಡಿಲ್ಲ ಅಂತೀರಿ. ಆಕಿ ಇಸ್ಕೊಂಡ್ರು ಅಂತಾಳ. ಹಂಗಾದ್ರ ನಿಮ್ಮ ಅಕ್ಕ ಸುಳ್ಳಿ ಏನು?"

ಸರಕಾರಿ ವಕೀಲರು ಆಸೆಯಿಂದ ಅವನ ಮುಖ ನೋಡಿದರು. ಬಸು ಹೆಬ್ಬೆರಳನ್ನು ಒಮ್ಮೆ ಸವರಿಕೊಂಡ.

"ನಾ ಇಸ್ಕೊಂಡಿಲ್ರೀ. ಆದ್ರ ಹಂಗ ಅನ್ನಾಂವ ಈಗ ನಾ ಒಬ್ಬನ ಅದೀನಿ. ಒಬ್ಬನ ಮಾತಿನ ಮ್ಯಾಲೆ ಯಾರನ್ನೂ ಒಳಗ ಹಾಕಬಾರದ್ರಿ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದರು ನ್ಯಾಯಾಧೀಶರು. ಮೊದಲನೆಯ ಮಾತು ಮಾತ್ರ ದಾಖಲಾಯಿತು.

ಸಂಶಯದ ಲಾಭ ಕೊಟ್ಟು ಆ ಹೆಂಗಸನ್ನು ಬಿಟ್ಟರು. ಪಂಚಳು ಅಧಿಕಾರಿಯ ಅಕ್ಕ, ಸೀಲಿನ ಭದ್ರತೆಗೆ ನಂಬಿಕೆಯಿಲ್ಲ ಎಂದು ತೀರ್ಪಿನಲ್ಲಿ ಬಂತು. ಬಸುವಿನ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಸುಟ್ಟ ಬೆರಳಿನವನನ್ನು ಕುರ್ಚಿ-ಮೇಜಿನ ಕೆಲಸಕ್ಕೆ ಕೂರಿಸಿ, ಆಮೇಲೆ ದೂರದ ಜಿಲ್ಲೆಗೆ ವರ್ಗ ಮಾಡಿದರು. ಅವ್ವನಿಗೆ ಅವನು ಏನೂ ಹೇಳಲಿಲ್ಲ. ಅವ್ವ ಇಂದಿಗೂ ಅದನ್ನು ಬಡ್ತಿ ಎಂದುಕೊಂಡಿದ್ದಾಳೆ.

ಅವರು ಹೊರಡುವ ದಿನ ಜೋರಾಪುರ ಪೇಟೆಗೆ ಹೋದೆ. ಬಾಗಿಲಲ್ಲಿ ಟೆಂಪೊ ನಿಂತಿತ್ತು. ಸುಶೀಲಾ ಒಳಗೆ ಪಾತ್ರೆ ಕಟ್ಟುತ್ತಿದ್ದಳು. ಬಸು ಪಡಸಾಲೆಯಲ್ಲಿ ಹಗ್ಗ ಬಿಗಿಯುತ್ತಿದ್ದ. ಸೆರಗಿನ ಗಂಟು ಬಿಚ್ಚಿ ಸೀಲನ್ನು ಅವನ ಮುಂದೆ ಹಿಡಿದೆ. ಕೋರ್ಟಿನಿಂದ ಬಂದ ದಿನವೇ ಅದನ್ನು ಜೋಳ ತುಂಬಿಡುವ ಗುಮ್ಮಿಯ ತಳಕ್ಕೆ ಹಾಕಿದ್ದೆ. 'ಬ' ಅಕ್ಷರದ ಸಂದಿನಲ್ಲಿ ಜೋಳದ ಧೂಳು ಕೂತಿತ್ತು.

ಅವನು ಹಗ್ಗ ಬಿಗಿಯುವುದನ್ನು ನಿಲ್ಲಿಸಿ ನೋಡಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ನಿಮ್ಮ ದೊಡ್ಡ ಸಾಹೇಬ್ರ ಮುಂದ ಹೋಗಿ ಎಲ್ಲಾ ಹೇಳ್ತೇನಿ ತಮ್ಮಾ."

"ಏನ್ ಹೇಳ್ತಿ? ನಿನ್ನ ಒಳಗ ಹಾಕ್ತಾರ. ನೀ ಖರೇ ಹೇಳಿದ್ರೂ ನೀ ನನ್ನ ಅಕ್ಕ ಅನ್ನೋದು ತಪ್ಪಾಂಗಿಲ್ಲ. ಅದು ನಂದ ತಪ್ಪ. ಅವತ್ತ ನಾ ಬ್ಯಾಡ ಅಂತ ಗಟ್ಟಿ ನಿಂದ್ರಬೇಕಿತ್ತು." ಹಗ್ಗದ ಗಂಟನ್ನು ಎಳೆದು ನೋಡಿದ. "ಆ ಕೌದಿ ಗಂಟಿನಾಕಿ ತಪ್ಪು ಮಾಡಿದ್ಳೋ ಇಲ್ಲೋ, ಅದೊಂದು ಇನ್ನ ಯಾರಿಗೂ ಗೊತ್ತಾಗೂದಿಲ್ಲ. ಅದ ನನಗ ಚುಚ್ಚತದ."

ಆಗಲೂ ಅವನೇ ದೊಡ್ಡವನಾದ. ನನ್ನ ಕಣ್ಣಲ್ಲಿ ನೀರಿತ್ತು, ಆದರೂ ನನಗೆ ಹೊಟ್ಟೆಕಿಚ್ಚಾಯಿತು. ಅವನ ನೌಕರಿಯ ಮೇಲಿನ ಕಿಚ್ಚು ಸತ್ತಿತ್ತು. ತಪ್ಪನ್ನು ಅಷ್ಟು ಸರಾಗವಾಗಿ ತನ್ನದೆಂದುಕೊಳ್ಳುವ ಆ ಬಾಯಿಯ ಮೇಲೆ ಹೊಸ ಕಿಚ್ಚು ಹುಟ್ಟಿತು.

"ತಗೋ ಇದನ್ನ" ಎಂದು ಅವನ ಕೈ ಹಿಡಿದೆ. ಹೆಬ್ಬೆರಳ ತುದಿ ವಾಸಿಯಾಗಿತ್ತು. ಹೊಸ ಚರ್ಮ ಬಂದು ಎಳೆಗೂಸಿನ ಬೆರಳಿನ ಹಾಗೆ ನುಣ್ಣಗಿತ್ತು.

ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಸೀಲಿನ ಮೇಲೆ ಮಡಚಿದ.

"ಬ್ಯಾಡ ಅಕ್ಕಾ. ನಾ ಹೊಳ್ಳಿ ಇಸ್ಕೊಂಡೆ ಅಂತ ನೀ ಕೋರ್ಟಿನ್ಯಾಗ ಹೇಳಿ ಬಂದೀದಿ. ಈಗ ತಗೊಂಡ್ರ ಅದು ಖರೇ ಆಗ್ತದ."