ಮೇಲಿನ ಹಲಗೆಯ ರೈಲಿ

ಕಳೆದ ಗುರುವಾರ ನಮ್ಮ ಕಟ್ಟಡದ ನಿವಾಸಿಗಳ ಸಭೆಗೆ ರೈಲಿ ಬಂದದ್ದು ಮೈಮೇಲೆ ಒಂದು ನೂಲೆಳೆಯೂ ಇಲ್ಲದೆ. ನೆಲಮಾಳಿಗೆಯ ಸೌನಾದಲ್ಲಿ, ಅಂದರೆ ಕಾದ ಕಲ್ಲಿನ ಹಬೆಕೋಣೆಯಲ್ಲಿ, ಅಂದು ಹೆಂಗಸರ ಸರದಿ. ಕಲ್ಲಿನ ಶಾಖಕ್ಕೆ ಅವಳ ಒಳಗಿನ ಶಾಖವೂ ಸೇರಿ ಉಸಿರು ಕಟ್ಟಿತು. ತಣ್ಣನೆ ಗಾಳಿಗೆಂದು ಹೊರಟು, ಅಂಗಳದ ಬಾಗಿಲೆಂದು ಅವಳು ತೆಗೆದದ್ದು ಸಭೆಯ ಕೋಣೆಯದು. ಅಧ್ಯಕ್ಷ ಓಲವಿ ಕಾಗದದಿಂದ ತಲೆಯೆತ್ತದೆ, "ಬಾಗಿಲು ಹಾಕು ರೈಲಿ, ಚಳಿ ಬರುತ್ತೆ" ಅಂದ.

ಹೆಸರಿಗೆ ಮೋಸ ಮಾಡದೆ ಕೆಮಿ ಊರಿನ ರೈಲು ನಿಲ್ದಾಣದಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವಳು ರೈಲಿ. ಆದರೆ ಅವಳ ನಿಜವಾದ ಪೀಠ ಸೌನಾದ ಮೇಲಿನ ಹಲಗೆ. ಕಾದ ಕಲ್ಲಿಗೆ ನೀರು ಸುರಿಯುವ ಮರದ ಸೌಟು ಇಪ್ಪತ್ತೆರಡು ವರ್ಷ ಈ ಎಡಚಿಯ ಕೈಯಲ್ಲೇ ಇತ್ತು. ಮೊದಲು ಇಳಿದವರಿಗೆ ಕ್ಷಮೆಯಿಲ್ಲ. "ಏನೇ ಐಲಾ, ಬೆಣ್ಣೆಯೇನೇ ನೀನು, ಇಷ್ಟಕ್ಕೇ ಕರಗೋಕೆ?" ಅಂತ ಅಣಕಿಸುತ್ತಿದ್ದಳು.

ಹೋದ ವರ್ಷ ಎಡ ಎದೆಯಲ್ಲಿ ಗಂಟು. ಅದನ್ನು ತೆಗೆದು ಮೂರು ವಾರ ವಿಕಿರಣ ಕೊಟ್ಟರು. ಜೊತೆಯಲ್ಲೇ ಹಾರ್ಮೋನು ತಗ್ಗಿಸುವ ಮಾತ್ರೆ, ದಿನಕ್ಕೊಂದು, ಐದು ವರ್ಷ. ಚರ್ಮ ಮಾಗುವ ತನಕ ಸೌನಾ ಕೂಡದು ಅಂದರು. ಚರ್ಮವೇನೋ ಮಾಗಿತು. ಆದರೆ ಎದೆ ಬಿಗಿದು ಗಟ್ಟಿಯಾಯಿತು, ಎಡತೋಳು ಹೆಗಲಿನಿಂದ ಮೇಲೇಳದು, ಬೆಳಿಗ್ಗೆ ಬೆರಳು ಮಡಚದು, ಹೊತ್ತುಗೊತ್ತಿಲ್ಲದೆ ಕುತ್ತಿಗೆಗೆ ಬೆಂಕಿ.

"ಇದೆಲ್ಲ ಯಾವುದರ ಉಪಕಾರ ಡಾಕ್ಟ್ರೇ?"

"ಬೆಂಕಿ, ಕೀಲುನೋವು ಮಾತ್ರೆದು. ಬಿಗಿತ ವಿಕಿರಣದ್ದು. ಸುಸ್ತು ಎರಡರದ್ದೂ ಇರಬಹುದು."

ಸ್ತನ ಉಳಿಯಿತು, ಸ್ಥಾನ ಹೋಯಿತು.

ಮತ್ತೆ ಬಂದ ಮೊದಲ ವಾರ ಸೌಟು ಐಲಾ ಕೈಯಲ್ಲಿತ್ತು. ಮಗುವಿಗೆ ಔಷಧಿ ಕುಡಿಸುವ ಹಾಗೆ ಅರ್ಧ ಸೌಟು ನೀರು ಹಾಕಿದಳು. ಕೆಳಗಿನ ಹಲಗೆಯಲ್ಲಿ ಕೂತಿದ್ದ ರೈಲಿ ಎರಡೇ ನಿಮಿಷಕ್ಕೆ ಎದ್ದಳು. ಯಾರೂ ಅಣಕಿಸಲಿಲ್ಲ. ಅವಳಿಗೆ ಹೆಚ್ಚು ಉರಿದದ್ದು ಅದೇ.

"ಬೈಯ್ರೇ ಯಾರಾದ್ರೂ! ನಾನೇನು ಸತ್ತೋಗಿದೀನಾ?"

"ಹುಷಾರಾಗಿ ಇಳಿ" ಅಂದಳು ಐಲಾ.

ಸಭೆಯ ದಿನ ಆ ಬಾಗಿಲು ಹಾಕಿ ಬಂದು, ಟವೆಲ್ ಎತ್ತಿಕೊಂಡು ಹೋದವಳು ಸೌನಾಕ್ಕೆ ವಾಪಸು ಬರಲಿಲ್ಲ. ನಿನ್ನೆ ಮೆಟ್ಟಿಲ ಬಳಿ ಸಿಕ್ಕಳು. ಸಮಾಧಾನಕ್ಕೆಂದು ಕೇಳಿದೆ: "ಇನ್ನು ನಾಲ್ಕು ವರ್ಷಕ್ಕೆ ಮಾತ್ರೆ ಮುಗಿಯುತ್ತಲ್ಲೇ. ಆಮೇಲೆ ಮೇಲಿನ ಹಲಗೆಗೆ ಬರ್ತೀಯ ತಾನೇ?"

"ಯಾವ ಹಲಗೆ? ಸೌನಾ ಕಿತ್ತು ಸೈಕಲ್ ನಿಲ್ಲಿಸೋಣ ಅಂತ ಆವತ್ತು ಮತಕ್ಕೆ ಹಾಕಿದ್ರು. ಸಮಸಮ ಬಂದಿತ್ತು. ಟವೆಲ್ ಸುತ್ಕೊಂಡು ಹೋಗಿ ಕೀಳೋಣ ಅನ್ನೋರ ಜೊತೆ ನಾನೂ ಕೈ ಎತ್ತಿದೆ" ಅಂದಳು. "ಬಲಗೈ."